ಮೊದಲ ಸ್ಕೂಬಾ ಸಿಲಿಂಡರ್ ಕೊಳ್ಳುವ ಮುನ್ನ: ತುಂಬಿಸುವ ಜಾಗ, ಗಾತ್ರ, ಲೋಹ, ವಾಲ್ವ್, ಮುದ್ರೆ

ಡೈವಿಂಗ್ ತರಬೇತಿ ಮುಗಿಸಿದವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಲೀಟರಿನ ಸಿಲಿಂಡರ್ ತಗೊಳ್ಳಲಿ?’ ಆದರೆ ಲೀಟರಿಗೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಅದನ್ನು ತುಂಬಿಸಿ ಕೊಡುವವರು ಯಾರು, ಎಷ್ಟು ಒತ್ತಡಕ್ಕೆ ತುಂಬಿಸುತ್ತಾರೆ? ಡೈವ್ ಮುಗಿಯುವ ಹೊತ್ತಿಗೆ, ಗಾಳಿ ಖಾಲಿಯಾಗುತ್ತ ಬಂದಾಗ, ಅದು ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ? ಈ ಎರಡನ್ನು ಬಿಟ್ಟು ಲೀಟರು ಮಾತ್ರ ನೋಡಿ ಕೊಂಡವರು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಅದನ್ನು ಮಾರಲು ಹೊರಡುತ್ತಾರೆ.

ಮೊದಲೇ ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಬೆನ್ನಿಗೆ ಕಟ್ಟಿಕೊಳ್ಳುವುದು ‘ಆಕ್ಸಿಜನ್ ಸಿಲಿಂಡರ್’ ಅಲ್ಲ. ಅದರೊಳಗಿರುವುದು ಸೋಸಿ, ತೇವ ತೆಗೆದು, ಒತ್ತಿ ತುಂಬಿದ ಸಾಮಾನ್ಯ ಗಾಳಿ: ಸುಮಾರು ಶೇ. 21 ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಸೆಳವು ಬರುವ ಅಪಾಯವಿದೆ, ನೀರಿನಡಿ ಸೆಳವು ಬಂದರೆ ಬದುಕುವುದು ಕಷ್ಟ. ಆಸ್ಪತ್ರೆಯ, ವೆಲ್ಡಿಂಗ್ ಅಂಗಡಿಯ ಅಥವಾ ಬೆಂಕಿ ಆರಿಸುವ ಸಿಲಿಂಡರುಗಳನ್ನು ‘ಸ್ವಲ್ಪ ಬದಲಾಯಿಸಿ’ ಡೈವಿಂಗಿಗೆ ಬಳಸುವ ಯೋಚನೆಯೂ ಬೇಡ. ಒಳಗೆ ಹಿಂದೆ ಏನಿತ್ತು, ಲೋಹ ಯಾವ ಸ್ಥಿತಿಯಲ್ಲಿದೆ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ.

ಇನ್ನು, ನಿಜವಾಗಿ ನಿಮಗೆ ಸ್ವಂತದ್ದು ಬೇಕೇ? ನೀವು ಡೈವ್ ಮಾಡುವುದು ಹೆಚ್ಚಾಗಿ ವಿಮಾನ ಹತ್ತಿ ಹೋದ ಊರುಗಳಲ್ಲಾದರೆ ಬೇಡ. ಡೈವ್ ಸೆಂಟರುಗಳು ಸಿಲಿಂಡರನ್ನೂ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವನ್ನೂ ಕೊಡುತ್ತವೆ. ವಿಮಾನದಲ್ಲಿ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಒಳಗೆ ನೋಡಲು ಬರುವಂತೆ ಒಯ್ಯಬೇಕು, 14 ಕೆ.ಜಿ. ತೂಕ ಬೇರೆ. ಆ ಹಣವನ್ನು ಒಳ್ಳೆಯ ರೆಗ್ಯುಲೇಟರಿಗೆ (ಸಿಲಿಂಡರಿನ ಒತ್ತಡ ಇಳಿಸಿ ಬಾಯಿಗೆ ಗಾಳಿ ಕೊಡುವ ಸಾಧನ) ಹಾಕಿ. ವಾಹನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಡೈವ್ ಮಾಡುವ ನೀರೂ ತುಂಬಿಸುವ ಕೇಂದ್ರವೂ ಇದ್ದವರಿಗೆ ಮಾತ್ರ ಸ್ವಂತ ಸಿಲಿಂಡರಿನಿಂದ ಲಾಭ.

ಅಂಗಡಿಗೆ ಹೋಗುವ ಮುನ್ನ ಕೈಯಲ್ಲಿರಬೇಕಾದದ್ದು: ನಿಮ್ಮ ತರಬೇತಿಯ ಕಾರ್ಡ್ (ಅದಿಲ್ಲದೆ ಬಹುತೇಕರು ತುಂಬಿಸಿ ಕೊಡುವುದಿಲ್ಲ), ನಿಮ್ಮ ರೆಗ್ಯುಲೇಟರಿನ ಜೋಡಣೆ ಯಾವ ಬಗೆಯದೆಂಬ ಮಾಹಿತಿ, ಈಗ ಸೊಂಟಕ್ಕೆ ಕಟ್ಟುತ್ತಿರುವ ಸೀಸದ ತೂಕ, ಮತ್ತು ಕೆಳಗೆ ಹೇಳುವ ಗಾಳಿಯ ಲೆಕ್ಕ.

ಹಂತ 1: ತುಂಬಿಸುವವರನ್ನು ಮೊದಲು ಕೇಳಿ

ನೀವು ಹೋಗುವ ಕೇಂದ್ರದಲ್ಲಿ ಕಂಪ್ರೆಸರ್ 200 ಬಾರಿಗೆ ನಿಲ್ಲುತ್ತದೋ, 232ರವರೆಗೆ ಹೋಗುತ್ತದೋ, 300 ಮುಟ್ಟುತ್ತದೋ ಕೇಳಿ. (ಬಾರ್ ಅಂದರೆ ಒತ್ತಡದ ಅಳತೆ, 1 ಬಾರ್ ಸುಮಾರಾಗಿ ಸಮುದ್ರಮಟ್ಟದ ಗಾಳಿಯ ಒತ್ತಡ, 14.5 ಪಿಎಸ್‌ಐ.) ಸಿಲಿಂಡರಿನ ಮೇಲೆ ಬರೆದಿರುವುದು ಅದು ತಡೆಯುವ ಒತ್ತಡ, ನಿಮಗೆ ಸಿಗುವುದು ಕಂಪ್ರೆಸರ್ ಕೊಡುವ ಒತ್ತಡ. 237 ಬಾರಿನ ಅಮೆರಿಕನ್ ‘ಎಚ್‌ಪಿ 100’ ಉಕ್ಕಿನ ಸಿಲಿಂಡರಿನ ಒಳಗಾತ್ರ 12.9 ಲೀಟರ್. ಅದನ್ನು 200ಕ್ಕೇ ತುಂಬಿಸಿದರೆ ಸಿಗುವ ಗಾಳಿ 12 ಲೀಟರಿನ ಸಿಲಿಂಡರನ್ನು 215ಕ್ಕೆ ತುಂಬಿಸಿದಷ್ಟು ಮಾತ್ರ. 300 ಬಾರಿನದು ಇನ್ನೂ ನಿರಾಸೆ ತರುತ್ತದೆ: ತುಂಬಿಸುವವರು ವಿರಳ, ಮೇಲಾಗಿ ಅಷ್ಟು ಒತ್ತಡದಲ್ಲಿ ಗಾಳಿ ಸರಳ ಲೆಕ್ಕದಂತೆ ಅಡಕವಾಗುವುದಿಲ್ಲ, ಗುಣಾಕಾರ (ಒಳಗಾತ್ರ × ಬಾರ್) ಹೇಳುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ ಸಿಗುತ್ತದೆ. ಮೊದಲ ಸಿಲಿಂಡರಿಗೆ 300 ಬಾರ್ ಬೇಡ.

ಅಲ್ಲೇ ಇನ್ನೂ ಎರಡು ವಿಷಯ ಕೇಳಿ. ಯಾವ ದೇಶದ ಪ್ರಮಾಣದ ಮುದ್ರೆಯಿರುವ ಸಿಲಿಂಡರುಗಳನ್ನು ಒಪ್ಪುತ್ತಾರೆ? ಪರೀಕ್ಷೆಯ ಅವಧಿ ಎಷ್ಟು? ಒಂದು ದೇಶದಲ್ಲಿ ಕಾನೂನುಬದ್ಧವಾದ ಸಿಲಿಂಡರನ್ನು ಇನ್ನೊಂದು ದೇಶದಲ್ಲಿ ಯಾರೂ ತುಂಬಿಸದಿರಬಹುದು. ಪ್ರವಾಸ ಹೋದಾಗ ಅಗ್ಗಕ್ಕೆ ಸಿಕ್ಕಿತೆಂದು ತಂದ ಸಿಲಿಂಡರುಗಳ ಗತಿ ಹೆಚ್ಚಾಗಿ ಇದೇ.

ಹಂತ 2: ನಿಮ್ಮ ಗಾಳಿಯ ಲೆಕ್ಕ ಹಾಕಿ

ಸಿಲಿಂಡರ್ ಗಾತ್ರ ಹೇಳುವ ಪದ್ಧತಿ ಎರಡು, ಇಲ್ಲಿಯೇ ಗೊಂದಲ ಹುಟ್ಟುವುದು. ಯುರೋಪಿನ ಪದ್ಧತಿಯಲ್ಲಿ ‘12 ಲೀಟರ್’ ಎಂದರೆ ಖಾಲಿ ಸಿಲಿಂಡರಿನೊಳಗೆ ಹಿಡಿಯುವ ನೀರು. ಅಮೆರಿಕನ್ ಪದ್ಧತಿಯಲ್ಲಿ ‘80’ ಎಂದರೆ ಪೂರ್ತಿ ತುಂಬಿದಾಗ ಹೊರಗೆ ಬಿಟ್ಟರೆ ಸಿಗುವ ಗಾಳಿ, ಘನ ಅಡಿಗಳಲ್ಲಿ. ಜಗತ್ತಿನ ಎಲ್ಲೆಡೆ ಬಾಡಿಗೆಗೆ ಸಿಗುವ ‘ಎಎಲ್ 80’ ಅಲ್ಯೂಮಿನಿಯಮ್ ಸಿಲಿಂಡರಿನ ಒಳಗಾತ್ರ 11.1 ಲೀಟರ್, ಒತ್ತಡ 207 ಬಾರ್ (3000 ಪಿಎಸ್‌ಐ), ನಿಜವಾಗಿ ಹಿಡಿಯುವುದು 77.4 ಘನ ಅಡಿ. ಹೋಲಿಸುವಾಗ ಯಾವಾಗಲೂ ಒಳಗಾತ್ರವನ್ನೇ ಹಿಡಿಯಿರಿ: ಒಳಗಾತ್ರ × ಬಾರ್ = ಲೀಟರ್ ಗಾಳಿ.

ಈಗ ನೀವು ನಿಮಿಷಕ್ಕೆ ಎಷ್ಟು ಉಸಿರಾಡುತ್ತೀರಿ ಎಂದು ಅಳೆಯಬೇಕು. ಬಾಡಿಗೆ ಸಿಲಿಂಡರಿನಲ್ಲೇ ಮಾಡಬಹುದು. 10 ಮೀಟರ್ ಆಳದಲ್ಲಿ ಹತ್ತು ನಿಮಿಷ ಒಂದೇ ವೇಗದಲ್ಲಿ ಈಜಿ, ಮೊದಲ ಮತ್ತು ಕೊನೆಯ ಒತ್ತಡ ಬರೆದುಕೊಳ್ಳಿ. 12 ಲೀಟರಿನದರಲ್ಲಿ 35 ಬಾರ್ ಇಳಿದಿದ್ದರೆ 420 ಲೀಟರ್ ಖರ್ಚಾಯಿತು. ಆ ಆಳದಲ್ಲಿ ಸುತ್ತಲಿನ ಒತ್ತಡ 2 ಬಾರ್ (ಮೇಲಿನ ಗಾಳಿಯದು 1, ಹತ್ತು ಮೀಟರ್ ನೀರಿನದು 1), ಸಮಯ 10 ನಿಮಿಷ. 420ನ್ನು 20ರಿಂದ ಭಾಗಿಸಿದರೆ ನೀರಿನ ಮೇಲ್ಮಟ್ಟದ ಲೆಕ್ಕದಲ್ಲಿ ನಿಮಿಷಕ್ಕೆ 21 ಲೀಟರ್. ಹೊಸಬರಲ್ಲಿ ಇದು 15ರಿಂದ 25ರ ನಡುವೆ ಇರುವುದು ಸಾಮಾನ್ಯ. ಒಂದು ಡೈವಿನ ಅಂಕಿಯನ್ನು ನಂಬಬೇಡಿ. ಚಳಿ, ಹರಿವು, ಗಾಬರಿ ಎಲ್ಲವೂ ಅದನ್ನು ಏರಿಸುತ್ತವೆ.

18 ಮೀಟರಿನಲ್ಲಿ ಒತ್ತಡ 2.8 ಬಾರ್. ನಿಮಿಷಕ್ಕೆ 20 ಲೀಟರ್ ಬೇಕಾದವರಿಗೆ ಅಲ್ಲಿ 56 ಲೀಟರ್ ಬೇಕು. 200 ಬಾರಿಗೆ ತುಂಬಿಸಿ 50 ಬಾರನ್ನು ಮೀಸಲು ಉಳಿಸಿದರೆ ಬಳಕೆಗೆ ಸಿಗುವುದು 150 ಬಾರ್. 10 ಲೀಟರಿನದು ಸುಮಾರು 27 ನಿಮಿಷ, 11.1ರದು 30, 12ರದು 32, 15ರದು 40 ನಿಮಿಷ. ನಿಮಿಷಕ್ಕೆ 14 ಲೀಟರಿನವರಿಗೆ ಅದೇ 10 ಲೀಟರಿನ ಸಿಲಿಂಡರ್ 38 ನಿಮಿಷ ಬರುತ್ತದೆ. ಹಾಗಾಗಿ ಸಣ್ಣ ಮೈಕಟ್ಟಿನ, ನಿಧಾನ ಉಸಿರಿನ ಡೈವರ್ 15 ಲೀಟರಿನದನ್ನು ಹೊರುವುದರಲ್ಲಿ ಅರ್ಥವಿಲ್ಲ. ಬೆನ್ನು ನೋಯುತ್ತದೆ, ನೀರಿನಲ್ಲಿ ಅಡ್ಡಾಡುವಾಗ ಸಿಲಿಂಡರ್ ಮೈಯನ್ನು ಪಕ್ಕಕ್ಕೆ ಎಳೆಯುತ್ತದೆ. 50 ಬಾರ್ ಮೀಸಲು ಎಂಬುದೂ ಎಲ್ಲ ಆಳಕ್ಕೂ ಒಂದೇ ಅಲ್ಲ. 30 ಮೀಟರಿನಿಂದ ಇಬ್ಬರು ಒಂದೇ ಸಿಲಿಂಡರಿನಲ್ಲಿ ಉಸಿರಾಡುತ್ತ ಮೇಲೆ ಬರಬೇಕಾದರೆ ಹೆಚ್ಚು ಬೇಕು, ಆ ಲೆಕ್ಕವನ್ನು ನಿಮ್ಮ ತರಬೇತುದಾರರ ಜೊತೆ ಕುಳಿತು ಹಾಕಿ.

ಈಚೆಗೆ ಹೆಚ್ಚು ಮಾರಾಟವಾಗುತ್ತಿರುವ ಅರ್ಧ ಲೀಟರಿನ ಮಿನಿ ಸಿಲಿಂಡರುಗಳಿಗೂ ಇದೇ ಲೆಕ್ಕ ಹಚ್ಚಿ. 0.5 × 200 = 100 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಬೇಕಾದವರಿಗೆ 10 ಮೀಟರಿನಲ್ಲಿ 40 ಲೀಟರ್ ಬೇಕು. ಎರಡೂವರೆ ನಿಮಿಷಕ್ಕೆ ಪೂರ್ತಿ ಖಾಲಿ, ಮೀಸಲು ಸೊನ್ನೆ. ತರಬೇತಿಯಿಲ್ಲದವರು ಇದರಿಂದ ಉಸಿರೆಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಒಂದೆರಡು ಮೀಟರ್ ಆಳದಿಂದಲೂ ಶ್ವಾಸಕೋಶ ಹರಿಯಬಹುದು. ಇದು ಮೊದಲ ಸಿಲಿಂಡರ್ ಅಲ್ಲ, ಎರಡನೆಯದೂ ಅಲ್ಲ.

ಹಂತ 3: ಅಲ್ಯೂಮಿನಿಯಮ್ಮೋ ಉಕ್ಕೋ

ಹೆಚ್ಚು ಯೋಚನೆ ಬೇಡುವ ಹಂತ ಇದು. ದಂಡೆಯಲ್ಲಿ ಎತ್ತಿ ನೋಡಿದರೆ ಎರಡೂ ಒಂದೇ ತೂಕ ಅನ್ನಿಸುತ್ತವೆ, ನೀರಿಗಿಳಿದ ಮೇಲೆ ನಡೆ ಬೇರೆ. ನೀವೇ ಲೆಕ್ಕ ಹಾಕಬಹುದು. ಖಾಲಿ ಸಿಲಿಂಡರಿನ ತೂಕವನ್ನು ಅಲ್ಯೂಮಿನಿಯಮ್ ಆದರೆ 2.7ರಿಂದ, ಉಕ್ಕಾದರೆ 7.8ರಿಂದ ಭಾಗಿಸಿ, ಅದು ಲೋಹದ ಗಾತ್ರ. ಅದಕ್ಕೆ ಒಳಗಾತ್ರ ಕೂಡಿಸಿ, ಉಪ್ಪುನೀರಿಗಾಗಿ 1.025ರಿಂದ ಗುಣಿಸಿ. ಅಷ್ಟು ಕೆ.ಜಿ. ನೀರನ್ನು ಸಿಲಿಂಡರ್ ಪಕ್ಕಕ್ಕೆ ತಳ್ಳುತ್ತದೆ. ಅದರಲ್ಲಿ ಸಿಲಿಂಡರಿನ ತೂಕವನ್ನೂ ವಾಲ್ವಿಗಾಗಿ ಸುಮಾರು 0.8 ಕೆ.ಜಿ.ಯನ್ನೂ ಕಳೆಯಿರಿ.

ಎಎಲ್ 80ಕ್ಕೆ: 14.2 ಕೆ.ಜಿ. ÷ 2.7 = 5.26, ಜೊತೆಗೆ 11.1, ಒಟ್ಟು 16.36 ಲೀಟರ್, ಉಪ್ಪುನೀರಿನಲ್ಲಿ 16.8 ಕೆ.ಜಿ. ಉಳಿಯುವುದು ಸುಮಾರು 1.8 ಕೆ.ಜಿ. ಮೇಲ್ಮುಖ ಎಳೆತ. ಅಂದರೆ ಖಾಲಿಯಾದಾಗ ತೇಲುತ್ತದೆ.

14 ಕೆ.ಜಿ.ಯ 12 ಲೀಟರ್ ಉಕ್ಕಿನದಕ್ಕೆ: 14 ÷ 7.8 = 1.8, ಜೊತೆಗೆ 12, ಒಟ್ಟು 13.8 ಲೀಟರ್, ಉಪ್ಪುನೀರಿನಲ್ಲಿ 14.1 ಕೆ.ಜಿ. ವಾಲ್ವ್ ಕಳೆದ ಮೇಲೆ ಖಾಲಿಯಾಗಿದ್ದರೂ ಅರ್ಧ ಕೆ.ಜಿ.ಗಿಂತ ಹೆಚ್ಚು ಕೆಳಮುಖ ಎಳೆತ. ಖಾಲಿಯಾದರೂ ಮುಳುಗಿಯೇ ಇರುತ್ತದೆ.

ಎರಡರ ನಡುವಿನ ಅಂತರ ಸುಮಾರು ಎರಡೂವರೆ ಕೆ.ಜಿ. ಉಕ್ಕಿನದು ಕೊಂಡರೆ ಸೊಂಟದ ಸೀಸದಲ್ಲಿ ಅಷ್ಟನ್ನು ಕಳಚಬಹುದು, ಗಾಳಿಯೂ ಸ್ವಲ್ಪ ಹೆಚ್ಚು. ಗಾಳಿಗೂ ತೂಕವಿದೆ ಎಂಬುದನ್ನು ಹೊಸಬರು ಮರೆಯುತ್ತಾರೆ: ಸಾವಿರ ಲೀಟರಿಗೆ ಸುಮಾರು 1.2 ಕೆ.ಜಿ. 12 ಲೀಟರಿನದನ್ನು 200ಕ್ಕೆ ತುಂಬಿಸಿದರೆ ಒಳಗಿನ ಗಾಳಿಯೇ 2.9 ಕೆ.ಜಿ. ಡೈವಿನ ಉದ್ದಕ್ಕೂ ಆ ಭಾರ ಕರಗುತ್ತ ಹೋಗುತ್ತದೆ. ಸೀಸದ ತೂಕವನ್ನು ಗಾಳಿ ತುಂಬಿದ ಅಲ್ಯೂಮಿನಿಯಮ್ ಸಿಲಿಂಡರಿಗೆ ಹೊಂದಿಸಿದವರು ಕೊನೆಯಲ್ಲಿ, 5 ಮೀಟರಿನ ಸುರಕ್ಷಾ ನಿಲುಗಡೆಯಲ್ಲಿ (ಮೇಲೆ ಬರುವ ಮುನ್ನ ಕೆಲವು ನಿಮಿಷ ತಂಗುವುದು) ನಿಲ್ಲಲಾಗದೆ ಮೇಲೇಳುವುದು ಇದರಿಂದಲೇ.

ಹಾಗಾದರೆ ಎಲ್ಲರಿಗೂ ಉಕ್ಕೇ ಒಳ್ಳೆಯದೇ? ಅಲ್ಲ. ಬೆಚ್ಚಗಿನ ನೀರಿನಲ್ಲಿ ತೆಳು ಸೂಟು ಹಾಕಿ, ಈಗಾಗಲೇ ಎರಡು ಕೆ.ಜಿ. ಸೀಸದಲ್ಲೇ ಡೈವ್ ಮಾಡುವವರಿಗೆ ಉಕ್ಕು ಅತಿ ಭಾರವಾಗಬಹುದು. ತೇಲು ಜಾಕೆಟ್ (ಬಿಸಿಡಿ) ಹರಿದರೆ ಕಳಚಿ ಎಸೆಯಲು ಸೀಸವೇ ಇರುವುದಿಲ್ಲ, ಕಾಲುಬಲದಿಂದ ಮೇಲೆ ಬರಬೇಕಾಗುತ್ತದೆ. ಅಂಥವರಿಗೆ ಅಲ್ಯೂಮಿನಿಯಮ್ ಸರಿ. ದಪ್ಪ ಸೂಟು, ಡ್ರೈಸೂಟು (ಒಳಗೆ ನೀರು ಬಾರದ ಸೂಟು) ಹಾಕುವವರಿಗೆ, ಎಂಟು ಹತ್ತು ಕೆ.ಜಿ. ಸೀಸ ಹೊರುವವರಿಗೆ ಉಕ್ಕು ವರದಾನ.

ನೋಡಿಕೊಳ್ಳುವ ವಿಷಯದಲ್ಲಿ ಉಕ್ಕು ಹೆಚ್ಚು ಬೇಡುತ್ತದೆ. ಒಳಗೆ ಒಂದು ಚಮಚ ಉಪ್ಪುನೀರು ಸೇರಿದರೂ ಕೆಲವೇ ತಿಂಗಳಲ್ಲಿ ತುಕ್ಕು ಲೋಹವನ್ನು ಕೊರೆದು ಗುಳಿ ಮಾಡಬಹುದು. ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವೂ ಖರ್ಚಾಗುತ್ತದೆ, ಆದ್ದರಿಂದ ಬಹುಕಾಲ ತುಂಬಿಯೇ ಇಟ್ಟ ಉಕ್ಕಿನ ಸಿಲಿಂಡರಿನ ಗಾಳಿಯನ್ನು ಹಾಗೇ ಉಸಿರಾಡಬಾರದು. ಅಲ್ಯೂಮಿನಿಯಮ್ಮಿಗೆ ಶತ್ರು ಬಿಸಿ. ಚಂದಕ್ಕೆಂದು ಬಣ್ಣ ಬಳಿಸಿ ಓವನ್ನಿನಲ್ಲಿ ಒಣಗಿಸಿದರೆ ಲೋಹದ ಬಲವೇ ಇಳಿದುಹೋಗುತ್ತದೆ, ಆ ಸಿಲಿಂಡರ್ ಮತ್ತೆ ಬಳಕೆಗೆ ಬಾರದು.

ಆಕಾರವನ್ನೂ ಗಮನಿಸಿ. 12 ಲೀಟರಿನದರಲ್ಲಿ ಉದ್ದನೆಯದೂ ಗಿಡ್ಡನೆಯದೂ ಇವೆ. ಕುಳ್ಳಗಿನವರಿಗೆ ಉದ್ದನೆಯದರ ತಳ ಪೃಷ್ಠಕ್ಕೆ, ವಾಲ್ವ್ ತಲೆಗೆ ತಾಗುತ್ತದೆ. ಗಿಡ್ಡನೆಯದು 203 ಮಿ.ಮೀ. ದಪ್ಪ, ಎಎಲ್ 80 ಸುಮಾರು 184. ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಬಿಸಿಡಿಯ ಪಟ್ಟಿಯನ್ನು ಪ್ರತಿಸಲ ಹೊಂದಿಸಬೇಕಾಗುತ್ತದೆ, ಸಡಿಲ ಬಿಟ್ಟರೆ ನೀರಿನಲ್ಲಿ ನೆನೆದು ಸಿಲಿಂಡರ್ ಜಾರುತ್ತದೆ.

ಹಂತ 4: ವಾಲ್ವ್

ರೆಗ್ಯುಲೇಟರ್ ಕೂರುವ ಬಗೆ ಎರಡು. ಯೋಕ್‌ನಲ್ಲಿ ರೆಗ್ಯುಲೇಟರಿನ ಬಳೆ ವಾಲ್ವನ್ನು ಅಪ್ಪಿ ಹಿಡಿಯುತ್ತದೆ, ಮಿತಿ 232 ಬಾರ್. ಡಿನ್‌ನಲ್ಲಿ ರೆಗ್ಯುಲೇಟರ್ ವಾಲ್ವಿನೊಳಕ್ಕೆ ತಿರುಗಿಸಿಕೊಂಡು ಕೂರುತ್ತದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ (ಒ-ರಿಂಗ್) ಒಳಗೆ ಸಿಕ್ಕಿಕೊಂಡಿರುವುದರಿಂದ ಹೊರಗೆ ಬಡಿದರೂ ಚಿಮ್ಮುವ ಸಂಭವ ಕಡಿಮೆ. ಡಿನ್‌ನಲ್ಲಿ 232ರ ವಾಲ್ವಿಗೆ ಐದು ಥ್ರೆಡ್ (ತಿರುಪಿನ ಸುತ್ತು), 300ರದಕ್ಕೆ ಏಳು. ಏಳು ಥ್ರೆಡ್ಡಿನ ರೆಗ್ಯುಲೇಟರ್ ಎರಡರಲ್ಲೂ ಕೂರುತ್ತದೆ. ಐದರದು 300ರ ವಾಲ್ವಿನಲ್ಲಿ ತಳ ಮುಟ್ಟುವುದಿಲ್ಲ, ಹಾಗೇ ಮಾಡಿಟ್ಟಿದ್ದಾರೆ.

ಇವುಗಳ ನಡುವೆ ಒದ್ದಾಡುವ ಬದಲು ಮೊದಲ ಸಿಲಿಂಡರಿಗೆ 232 ಬಾರಿನ, ಇನ್ಸರ್ಟ್ ಇರುವ ವಾಲ್ವ್ ಕೇಳಿ. ಇನ್ಸರ್ಟ್ ಅಂದರೆ ಡಿನ್ ವಾಲ್ವಿನೊಳಗೆ ಕೂರಿಸುವ ಚಿಕ್ಕ ಲೋಹದ ತುಂಡು. ಅದು ಒಳಗಿದ್ದರೆ ಯೋಕ್, ಅಲೆನ್ ಕೀಲಿಯಿಂದ ತಿರುಗಿಸಿ ತೆಗೆದರೆ ಡಿನ್. ಹಳೆಯ ಸಿಲಿಂಡರುಗಳಲ್ಲಿ ಕಾಣುವ, ಸರಳು ಎಳೆದು ಮೀಸಲು ಗಾಳಿ ಬಿಡುವ ‘ಜೆ ವಾಲ್ವ್’ ಈಗ ಬೇಡ. ಸರಳು ಅರಿವಿಲ್ಲದೆ ಕೆಳಗಿಳಿದಿದ್ದರೆ ಮೀಸಲು ಮೊದಲೇ ಖರ್ಚಾಗಿರುತ್ತದೆ.

ಇಲ್ಲಿ ಒಂದು ಮಾರಕ ತಪ್ಪಿದೆ. ವಾಲ್ವ್ ಸಿಲಿಂಡರಿನ ಕತ್ತಿಗೆ ಕೂರುವ ಥ್ರೆಡ್ ಎಲ್ಲ ಕಡೆ ಒಂದೇ ಅಲ್ಲ. ಯುರೋಪಿನಲ್ಲಿ ಎಂ25×2 (25 ಮಿ.ಮೀ. ಅಗಲ, ಸುತ್ತುಗಳ ನಡುವೆ 2 ಮಿ.ಮೀ.), ಅಮೆರಿಕದಲ್ಲಿ ಮುಕ್ಕಾಲು ಇಂಚಿನ ನೇರ ಥ್ರೆಡ್. ಎಂ25 ವಾಲ್ವನ್ನು ಮುಕ್ಕಾಲು ಇಂಚಿನ ಕತ್ತಿಗೆ ತಿರುಗಿಸಿದರೆ ಒಳಗೆ ಹೋಗಿ ಕೂತಂತೆ ಕಾಣುತ್ತದೆ. ಒತ್ತಡ ಏರಿದಾಗ ಗುಂಡಿನಂತೆ ಹಾರುತ್ತದೆ. ಹೀಗೆ ಜನ ಸತ್ತಿದ್ದಾರೆ. ವಾಲ್ವನ್ನು ಬೇರೆಯಾಗಿ ಕೊಳ್ಳುವುದಾದರೆ ಎರಡರ ಮೇಲಿನ ಥ್ರೆಡ್ ಗುರುತನ್ನೂ ಓದಿ, ಜೋಡಿಸುವ ಕೆಲಸವನ್ನು ತರಬೇತಾದ ತಂತ್ರಜ್ಞರಿಗೇ ಬಿಡಿ.

ಹಂತ 5: ಹೆಗಲಿನ ಮುದ್ರೆ ಓದಿ

ಸಿಲಿಂಡರಿನ ಕತ್ತಿನ ಕೆಳಗಿನ ಇಳಿಜಾರಿನಲ್ಲಿ ಕೊರೆದ ಅಕ್ಷರಗಳೇ ಅದರ ಜಾತಕ. ಯುರೋಪಿನದರಲ್ಲಿ ಒಳಗಾತ್ರ, ಖಾಲಿ ತೂಕ, ಕತ್ತಿನ ಥ್ರೆಡ್, ಕೆಲಸದ ಒತ್ತಡ (ಉದಾಹರಣೆಗೆ 232), ಪರೀಕ್ಷಾ ಒತ್ತಡ (348, ಅಂದರೆ ಒಂದೂವರೆ ಪಟ್ಟು) ಇರುತ್ತವೆ. ಪರೀಕ್ಷಾ ಒತ್ತಡದ ಅಂಕಿಯನ್ನು ತುಂಬಿಸುವ ಒತ್ತಡವೆಂದು ಓದಿಬಿಡಬೇಡಿ. ಅಮೆರಿಕನ್ ಸಿಲಿಂಡರಿನಲ್ಲಿ ‘ಡಿಒಟಿ 3ಎಎಲ್ 3000’ (ಡಿಒಟಿ ಅಂದರೆ ಅಲ್ಲಿನ ಸಾರಿಗೆ ಇಲಾಖೆ) ಎಂದರೆ ಅಲ್ಯೂಮಿನಿಯಮ್, 3000 ಪಿಎಸ್‌ಐ; ‘3ಎಎ’ ಎಂದರೆ ಕ್ರೋಮ್ ಮಾಲಿಬ್ಡಿನಮ್ ಉಕ್ಕು. ಇವುಗಳ ಮೇಲೆ ಒಳಗಾತ್ರ, ತೂಕ ಇಲ್ಲದಿರಬಹುದು, ತಯಾರಕರ ಪಟ್ಟಿಯಲ್ಲಿ ನೋಡಬೇಕು. 3ಎಎ ಉಕ್ಕಿನಲ್ಲಿ ಪರೀಕ್ಷೆಯ ತಾರೀಖಿನ ಮುಂದೆ ‘+’ ಇದ್ದರೆ ಶೇ. 10 ಹೆಚ್ಚು ತುಂಬಿಸಬಹುದು: 2400 ಪಿಎಸ್‌ಐನದು 2640ಕ್ಕೆ. ಈಚಿನ ಪರೀಕ್ಷೆಯ ತಾರೀಖಿನ ಮುಂದೆ ಅದಿಲ್ಲದಿದ್ದರೆ ಆ ಅನುಮತಿಯೂ ಇಲ್ಲ. ಅಲ್ಯೂಮಿನಿಯಮ್ಮಿಗೆ ಈ ಸೌಲಭ್ಯ ಯಾವತ್ತೂ ಇಲ್ಲ.

ತಿಂಗಳು ಮತ್ತು ವರ್ಷವಾಗಿ ಕೊರೆದದ್ದು ಹೈಡ್ರೋ ಪರೀಕ್ಷೆಯ ದಿನಾಂಕ. ಸಿಲಿಂಡರಿಗೆ ನೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಿ, ಲೋಹ ಹಿಗ್ಗಿ ಮತ್ತೆ ಮೊದಲಿನ ಗಾತ್ರಕ್ಕೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ, ಜೊತೆಗೆ ವರ್ಷಕ್ಕೊಮ್ಮೆ ಒಳಗೆ ದೀಪ ಇಳಿಸಿ ಕಣ್ಣಿನ ತಪಾಸಣೆ. ಬ್ರಿಟನ್ನಿನಲ್ಲಿ ಐದು ವರ್ಷ, ನಡುವೆ ಎರಡೂವರೆ ವರ್ಷಕ್ಕೆ ಕಣ್ಣಿನ ತಪಾಸಣೆ. ಆಸ್ಟ್ರೇಲಿಯಾದಲ್ಲಿ ಪ್ರತಿ ವರ್ಷ. ನಿಮ್ಮ ದೇಶದ ನಿಯಮವನ್ನು ಹಂತ 1ರಲ್ಲೇ ಕೇಳಿಟ್ಟುಕೊಂಡಿರುತ್ತೀರಿ.

ಹಂತ 6: ಬಳಸಿದ್ದನ್ನು ಕೊಳ್ಳುವುದಾದರೆ

ಒಳ್ಳೆಯ ಹಳೆಯ ಸಿಲಿಂಡರ್ ಹೊಸದರಷ್ಟೇ ಕೆಲಸ ಮಾಡುತ್ತದೆ. ಆದರೆ 1990ಕ್ಕಿಂತ ಹಿಂದಿನ ಅಲ್ಯೂಮಿನಿಯಮ್ ಸಿಲಿಂಡರನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನಿ. 6351 ಎಂಬ ಮಿಶ್ರಲೋಹದಿಂದ ಮಾಡಿದವುಗಳ ಕತ್ತಿನಲ್ಲಿ, ಸದಾ ಒತ್ತಡದಲ್ಲಿರುವುದರಿಂದಲೇ, ಬಿರುಕು ಬೆಳೆಯುವುದು ಕಂಡುಬಂತು. ಕೆಲವು ತುಂಬಿಸುವಾಗಲೇ ಸಿಡಿದವು. ಅಮೆರಿಕದಲ್ಲಿ ಲಕ್ಸ್‌ಫರ್ ಕಂಪನಿ 1988ರಲ್ಲಿ 6061 ಎಂಬ ಬೇರೆ ಮಿಶ್ರಲೋಹಕ್ಕೆ ಬದಲಾಯಿತು, ಬೇರೆ ಕೆಲವು ಕಡೆ ಹಳೆಯದು ಇನ್ನೂ ಕೆಲಕಾಲ ಮುಂದುವರಿಯಿತು. ಹಾಗಾಗಿ ತೊಂಬತ್ತರ ದಶಕದ್ದಾದರೆ ಮಿಶ್ರಲೋಹ ಯಾವುದೆಂದು ಖಚಿತಪಡಿಸಿಕೊಳ್ಳಿ. 6351ರದಕ್ಕೆ ಕತ್ತಿನ ಬಿರುಕು ಹುಡುಕುವ ಎಡ್ಡಿ ಕರೆಂಟ್ ಎಂಬ ವಿದ್ಯುತ್ ಪರೀಕ್ಷೆಯೂ ಬೇಕು, ಅದಾಗಿದ್ದರೂ ಬಹಳಷ್ಟು ಕೇಂದ್ರಗಳು ತುಂಬಿಸುವುದಿಲ್ಲ.

ಹೊರಗೆ ಇವನ್ನು ನೋಡಿ: ಆಳವಾದ ಗೀರು, ತಗ್ಗು, ಬಣ್ಣದಡಿ ಎದ್ದ ಗುಳ್ಳೆ, ಸುಟ್ಟ ಕಲೆ. ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಅನುಮಾನಿಸಿ. ಉಕ್ಕಿನದರ ತಳಕ್ಕೆ ಹಾಕುವ ಪ್ಲಾಸ್ಟಿಕ್ ಬೂಟನ್ನು ತೆಗೆಸಿ, ಉಪ್ಪುನೀರು ನಿಲ್ಲುವುದು ಅಲ್ಲೇ. ವಾಲ್ವನ್ನು ನೀವು ಬಿಚ್ಚಬೇಡಿ. ಒಳಗೆ ಒತ್ತಡ ಉಳಿದಿದ್ದರೆ ಅದು ಪ್ರಾಣ ತೆಗೆಯುತ್ತದೆ. ಮಾರುವವರ ಜೊತೆ ತಪಾಸಣಾ ಕೇಂದ್ರಕ್ಕೆ ಹೋಗಿ, ಪಾಸಾದರೆ ಮಾತ್ರ ಹಣ ಎಂದು ಮೊದಲೇ ಮಾತಾಡಿಕೊಳ್ಳಿ. ಒಪ್ಪದವರನ್ನು ಬಿಟ್ಟುಬಿಡಿ. ಪರೀಕ್ಷೆಯ ಅವಧಿ ಮುಗಿದಿದ್ದರೆ ಹೈಡ್ರೋ, ತಪಾಸಣೆ, ವಾಲ್ವ್ ಸರ್ವೀಸಿನ ಖರ್ಚನ್ನು ಬೆಲೆಗೆ ಸೇರಿಸಿ ನೋಡಿ, ಅಗ್ಗವೆನ್ನಿಸಿದ್ದು ಹಲವು ಸಲ ಹೊಸದರ ಹತ್ತಿರಕ್ಕೆ ಬರುತ್ತದೆ.

ಹಂತ 7: ಮೊದಲ ಸಲ ತುಂಬಿಸಿ ನೀರಿಗಿಳಿಸುವುದು

ಅವಸರದಲ್ಲಿ ತುಂಬಿಸಿದರೆ ಸಿಲಿಂಡರ್ ಬಿಸಿಯಾಗುತ್ತದೆ. 200 ಬಾರಿನ ಸುಮಾರಿಗೆ ಉಷ್ಣತೆ ಒಂದು ಡಿಗ್ರಿ ಇಳಿದರೆ ಒತ್ತಡ ಸುಮಾರು 0.7 ಬಾರ್ ಇಳಿಯುತ್ತದೆ. ಬಿಸಿಯಿದ್ದಾಗ 200 ತೋರಿಸಿದ್ದು 30 ಡಿಗ್ರಿ ತಣಿದರೆ 180 ಆಗುತ್ತದೆ. ತಣ್ಣಗಾದ ಮೇಲೆ ಅಳೆಯಿರಿ. ಬಳಸುವ ಮುನ್ನ ವಾಲ್ವನ್ನು ಕ್ಷಣ ತೆರೆದು ವಾಸನೆ ನೋಡಿ: ಎಣ್ಣೆ, ಹೊಗೆ, ಕಮಟು ಬಂದರೆ ಡೈವ್ ಬೇಡ. ವಾಸನೆಯಿಲ್ಲದಿದ್ದರೆ ಗಾಳಿ ಶುದ್ಧ ಎಂದೂ ಅಲ್ಲ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಕೇಂದ್ರದವರ ಗಾಳಿ ಪರೀಕ್ಷೆಯ ವರದಿ ಕೇಳುವುದು ನಿಮ್ಮ ಹಕ್ಕು. ಮುಂದೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಬಳಸುವ ಯೋಚನೆಯಿದ್ದರೆ, ಶುದ್ಧ ಆಮ್ಲಜನಕವನ್ನು ನೇರ ಸಿಲಿಂಡರಿಗೆ ಹಾಕಿ ಮಿಶ್ರ ಮಾಡುವ ಕಡೆ ಸಿಲಿಂಡರನ್ನೂ ವಾಲ್ವನ್ನೂ ಆಮ್ಲಜನಕಕ್ಕೆ ತಕ್ಕಂತೆ ಶುಚಿ ಮಾಡಿಸಿರಬೇಕು, ಇಲ್ಲದಿದ್ದರೆ ಎಣ್ಣೆಯ ಪಸೆಗೆ ಬೆಂಕಿ ಹತ್ತುತ್ತದೆ.

ವಾಹನದಲ್ಲಿ ಮಲಗಿಸಿ, ಉರುಳದಂತೆ ಕಟ್ಟಿ ಒಯ್ಯಿರಿ. ಬಿಸಿಲಲ್ಲಿ ಮುಚ್ಚಿದ ವಾಹನದೊಳಗೆ ಬಿಡಬೇಡಿ. ದೋಣಿಯಲ್ಲಾಗಲಿ ದಂಡೆಯಲ್ಲಾಗಲಿ ಆಸರೆಯಿಲ್ಲದೆ ನಿಲ್ಲಿಸಿ ಆಚೆ ಹೋಗಬೇಡಿ. ಡೈವಿಗೆ ಮುನ್ನ ವಾಲ್ವನ್ನು ಪೂರ್ತಿ ತೆರೆಯಿರಿ. ಅರ್ಧಂಬರ್ಧ ತೆರೆದ ವಾಲ್ವ್ ಮೇಲೆ ಸರಿಯಾಗಿಯೇ ಉಸಿರು ಕೊಡುತ್ತದೆ, ಆಳದಲ್ಲಿ ಕೈಕೊಡುತ್ತದೆ.

ಹೊಸ ಸಿಲಿಂಡರಿನೊಂದಿಗೆ ತೂಕದ ಪರೀಕ್ಷೆ ಕಡ್ಡಾಯ. ಆಳವಿಲ್ಲದ ಜಾಗದಲ್ಲಿ, ಸಿಲಿಂಡರಿನಲ್ಲಿ 50 ಬಾರ್ ಉಳಿದಾಗ, ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು 5 ಮೀಟರಿನಲ್ಲಿ ಅಲುಗದೆ ನಿಲ್ಲಲು ನೋಡಿ. ಮೇಲೇಳುತ್ತಿದ್ದರೆ ಅರ್ಧ ಕೆ.ಜಿ. ಸೀಸ ಸೇರಿಸಿ, ಮುಳುಗುತ್ತಿದ್ದರೆ ತೆಗೆಯಿರಿ. ಸರಿಹೊಂದಿದ ಅಂಕಿಯನ್ನು ಸೂಟಿನ ದಪ್ಪದ ಜೊತೆಗೆ ಬರೆದಿಡಿ. ಗಾಳಿಯನ್ನು ಸೊನ್ನೆಗೆ ಇಳಿಸಬೇಡಿ, ಒತ್ತಡವಿಲ್ಲದ ಸಿಲಿಂಡರಿನೊಳಕ್ಕೆ ನೀರು ನುಗ್ಗುತ್ತದೆ. ಮನೆಗೆ ಬಂದ ಮೇಲೆ ವಾಲ್ವ್, ಬೂಟು, ಸಿಲಿಂಡರಿಗೆ ತೊಡಿಸಿದ ಬಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, 20 ಬಾರಿನಷ್ಟು ಗಾಳಿ ಉಳಿಸಿ, ತಂಪಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿಡಿ. ನಿಲ್ಲಿಸಿಟ್ಟರೆ ಒಳಗಿನ ತೇವ ತಳಕ್ಕಿಳಿಯುತ್ತದೆ, ಲೋಹ ದಪ್ಪವಿರುವುದು ಅಲ್ಲಿ; ಮಲಗಿಸಿಟ್ಟರೆ ಅದು ತೆಳುವಾದ ಪಕ್ಕದ ಗೋಡೆಯನ್ನು ತಿನ್ನುತ್ತದೆ.